ಗಿರಣಿ ಕಾಲೇಜಿನ ಕಾಟಾ

ನಾನು ಮೊದಲ ಸಲ ಕಾಟಾದ ಮೇಲೆ ನಿಂತಾಗ ನಲವತ್ತೊಂಬತ್ತು ಕೆಜಿ ಇದ್ದೆ. ತೂಗುವ ಕೆಲಸದ ದಾದಾಪೀರ್ ಚಾಚಾ ದಂಡಿಗೆಯ ಮೇಲಿನ ಗುಂಡನ್ನು ತೋರುಬೆರಳಿನಿಂದ ಸರಿಸಿ, ಬಗ್ಗಿ ನೋಡಿ, "ಖಾಲಿ ಇದೀಯ ತಾಯಿ" ಅಂದರು. ಅದು ಬೈದಂತೆಯೂ ಇರಲಿಲ್ಲ, ಹೊಗಳಿದಂತೆಯೂ ಇರಲಿಲ್ಲ. ಹೊಸ ಕೊಡ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ ಹೇಳುತ್ತಾರಲ್ಲ, ಹಾಗಿತ್ತು. ನನ್ನ ಹಿಂದೆ ನಿಂತಿದ್ದ ತಿಪ್ಪೇಶಿ, "ತಲೇನೂ ಸೇರಿಸಿ ಹೇಳಿದ್ರಾ ಚಾಚಾ?" ಅಂತ ಕೇಳಿ ಇಡೀ ಸಾಲನ್ನು ನಗಿಸಿದ.

ನಮ್ಮ ವಿಭಾಗ ಇದ್ದದ್ದು ಹಳೆಯ ಹತ್ತಿ ಗಿರಣಿಯಲ್ಲಿ. ಯಂತ್ರಗಳೆಲ್ಲ ಯಾವುದೋ ಕಾಲಕ್ಕೆ ಹೋಗಿ, ಹತ್ತಿ ಅಂಡಿಗೆಗಳನ್ನು ತೂಗುತ್ತಿದ್ದ ಕಾಟಾ ಒಂದು ಮಾತ್ರ ಬಾಗಿಲ ಬಳಿ ನೆಲದೊಳಗೆ ಹೂತುಕೊಂಡು ಉಳಿದಿತ್ತು. ವಿಶ್ವವಿದ್ಯಾಲಯದ ಉಳಿದ ವಿಭಾಗಗಳು ಗುಡ್ಡದ ಮೇಲೆ ಮೂರು ಮಹಡಿಯ ಕಟ್ಟಡಗಳಲ್ಲಿದ್ದರೆ ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರಕ್ಕೆ ಗಿರಣಿಯನ್ನು ಕೊಟ್ಟಿದ್ದಕ್ಕೆ ಕಾರಣ ಸರಳವಾದದ್ದು. ನಮ್ಮ ಮೇಷ್ಟ್ರುಗಳನ್ನು ತಾಳಿಕೊಳ್ಳುವ ನೆಲ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ.

ನಮ್ಮ ಊರಿನಲ್ಲಿ ಒಬ್ಬರ ಮೈಯ ಕಷ್ಟವನ್ನು ಇನ್ನೊಬ್ಬರು ಕೇಳಿ ಒಳಗೆ ಇಟ್ಟುಕೊಂಡರೆ ಅದು ತೂಗುತ್ತದೆ. ಮೈ ದಪ್ಪವಾಗುವುದಿಲ್ಲ, ರವಿಕೆ ಬಿಗಿಯಾಗುವುದಿಲ್ಲ, ತೂಕ ಮಾತ್ರ ಏರುತ್ತದೆ. ಕಣ್ಣಿನಿಂದ ಕಂಡದ್ದಕ್ಕೆ ತೂಕವಿಲ್ಲ, ಕಿವಿಯಿಂದ ಕೇಳಿದ್ದಕ್ಕೆ ಮಾತ್ರ. ಕೇಳಿಸಿಕೊಂಡವರು ಇಬ್ಬರಾದರೆ ಅರ್ಧರ್ಧ, ನಾಲ್ವರಾದರೆ ಕಾಲುಕಾಲು. ಆದ್ದರಿಂದ ನಮ್ಮಲ್ಲಿ ನರ್ಸುಗಳು ಕೆರೆಗೆ ಇಳಿಯುವುದಿಲ್ಲ. ಸೂಲಗಿತ್ತಿಯರು ಜೋಕಾಲಿ ಆಡುವುದಿಲ್ಲ. ಬಸ್ಸು ಹತ್ತುವಾಗ ಡಾಕ್ಟರರು ತಾವಾಗಿಯೇ ಹಿಂದಿನ ಚಕ್ರದ ಮೇಲಿನ ಸೀಟಿಗೆ ಹೋಗಿ ಕೂರುತ್ತಾರೆ, ಕಂಡಕ್ಟರ್ ಹೇಳಬೇಕಾಗಿಲ್ಲ. ನಾನು ಆ ಕೋರ್ಸಿಗೆ ಸೇರುತ್ತೇನೆ ಅಂದಾಗ ನಮ್ಮ ಅವ್ವ ಬೇಡ ಅನ್ನಲಿಲ್ಲ. ನನ್ನ ಎಲ್ಲ ಚಪ್ಪಲಿಗಳನ್ನು ತೆಗೆದುಕೊಂಡು ಹೋಗಿ ಅಟ್ಟೆಗೆ ಇನ್ನೊಂದು ಪದರ ಹೊಲಿಸಿಕೊಂಡು ಬಂದಳು.

ನಮಗೆ ಪಾಠ ಮಾಡುತ್ತಿದ್ದವರು ಕರಿಬಸಯ್ಯ ಸರ್. ಇಪ್ಪತ್ತೆಂಟು ವರ್ಷ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಾಗಿದ್ದು ಆಮೇಲೆ ಮೇಷ್ಟ್ರಾದವರು. ನೋಡಲು ಹಂಚಿಕಡ್ಡಿಯಂತೆ ಸಣ್ಣಗಿದ್ದರು, ಆದರೆ ಅವರು ವರಾಂಡದಲ್ಲಿ ನಡೆದು ಬಂದರೆ ಮೇಜಿನ ಮೇಲಿನ ಪೆನ್ನುಗಳು ಅಲ್ಲಾಡುತ್ತಿದ್ದವು. ಅವರಿಗಾಗಿ ತರಗತಿಯಲ್ಲಿ ಒಂದು ಕಲ್ಲಿನ ಬೆಂಚು ಹಾಕಿಸಿದ್ದರು. ಅದರ ಮೇಲೆ ಕುಳಿತು, ಯಾರ ಒಪ್ಪಿಗೆ ಒಪ್ಪಿಗೆಯಲ್ಲ, ಯಾವ ಮಾತನ್ನು ನ್ಯಾಯಾಲಯ ಕೇಳಿದರೂ ಹೇಳಬೇಕಾಗಿಲ್ಲ, ಪ್ರಜ್ಞೆ ತಪ್ಪಿದವನ ಪರವಾಗಿ ಮಾತಾಡುವ ಹಕ್ಕು ಮೊದಲು ಯಾರದು, ಇಂಥವನ್ನೆಲ್ಲ ಮೆಲ್ಲನೆ ಹೇಳುತ್ತಿದ್ದರು. ಪುಸ್ತಕ ನೋಡುತ್ತಿರಲಿಲ್ಲ.

ಎರಡನೇ ವರ್ಷ ಪುಸ್ತಕದ ಪರೀಕ್ಷೆಗಿಂತ ದೊಡ್ಡದು ಇಟ್ಟುಕೊಳ್ಳುವ ಪರೀಕ್ಷೆ. ಜೂನ್ ತಿಂಗಳಲ್ಲಿ ದೊಡ್ಡಾಸ್ಪತ್ರೆಯ ಕೇಳುವ ಕೋಣೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಕೂರಿಸುತ್ತಾರೆ. ಮನೆಯಲ್ಲಿ ಹೇಳಲಾಗದ್ದು ಇದ್ದ ರೋಗಿಗಳು ಬಂದು ಹೇಳಿ ಹೋಗುತ್ತಾರೆ. ಯಾರಿಗೆ ಯಾರು ಸಿಕ್ಕುತ್ತಾರೋ ಕಾಲೇಜಿಗೂ ಗೊತ್ತಿರುವುದಿಲ್ಲ. ಕೇಳಿದ ಮರುದಿನ ಬೆಳಿಗ್ಗೆ ಕಾಟಾದ ಮೇಲೆ ನಿಂತು ತೂಕ ಬರೆಸಬೇಕು, ಆಮೇಲೂ ದಿನಾ ಬೆಳಿಗ್ಗೆ ನಿಲ್ಲಬೇಕು. ಮಾರ್ಚಿಯಲ್ಲಿ ಹೊರಗಿನ ಪರೀಕ್ಷಕರ ಎದುರು ಮತ್ತೆ ನಿಲ್ಲಬೇಕು. ತೂಕ ಅಷ್ಟೇ ಇದ್ದರೆ ಪಾಸು, ಇಳಿದಿದ್ದರೆ ಯಾರಿಗೋ ಹೇಳಿದ್ದಾರೆ ಎಂದು ಅರ್ಥ, ಮೂರು ವರ್ಷ ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ. ತಿಂಗಳಿಗೊಮ್ಮೆ ರೋಗಿ ಕೇಳುವ ಕೋಣೆಗೆ ಬರಬಹುದು. ಆಗ ನಾವು ಮೂರೇ ಪ್ರಶ್ನೆ ಕೇಳಬಹುದು. ಇಟ್ಟುಕೊಳ್ಳಲಾ? ಯಾರಿಗಾದರೂ ಕೊಡಲಾ? ಇನ್ನೇನಾದರೂ ಇದೆಯಾ? ಬುದ್ಧಿ ಹೇಳುವಂತಿಲ್ಲ, ಕಣ್ಣೀರು ಒರೆಸಲು ಕರವಸ್ತ್ರ ಕೊಡಬಹುದು.

ತಿಪ್ಪೇಶಿಗೆ ಸಿಕ್ಕಿದ್ದು ಕಾಲು ಕೆಜಿ. ಯಾರೋ ಪುಣ್ಯಾತ್ಮನ ಮೂಲವ್ಯಾಧಿ ಇರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಅವನು ಮಾತ್ರ ಮೂಟೆ ಹೊತ್ತವನಂತೆ ಸೊಂಟ ಹಿಡಿದುಕೊಂಡು ಓಡಾಡಿದ.

ನನ್ನ ಪಾಲಿಗೆ ಬಂದವಳು ಐವತ್ತೈದು ದಾಟಿದ ಒಬ್ಬ ಹೆಂಗಸು. ಎತ್ತರದವಳು, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಹೆಸರು ಮಾಬುನ್ನಿ, ಕೌದಿ ಹೊಲಿಯುತ್ತೇನೆ ಎಂದಳು. ಎಡ ಎದೆಯಲ್ಲಿ ಗಂಟಾಗಿದೆ, ಡಾಕ್ಟರು ನೋಡಿದ್ದಾರೆ, ಬೇಸಿಗೆಯೊಳಗೆ ತೆಗೆಸಿದರೆ ಉಳಿಯುತ್ತೀಯ ಎಂದಿದ್ದಾರೆ. ಆದರೆ ತೆಗೆಸಿದರೆ ಎಂಟು ದಿನ ಆಸ್ಪತ್ರೆಯಲ್ಲಿರಬೇಕು, ಎಂಟು ದಿನ ಗಂಡನಿಂದ ಮುಚ್ಚಿಡುವುದು ಹೇಗೆ, ಆದ್ದರಿಂದ ತೆಗೆಸುವುದಿಲ್ಲ. ಗಂಡ ಕೆಟ್ಟವನೇನಲ್ಲ, ಅದೇ ಕಷ್ಟ. ಅವನ ಅಕ್ಕ ಇದೇ ಗಂಟನ್ನು ಯಾರಿಗೂ ಹೇಳದೆ ಇಟ್ಟುಕೊಂಡೇ ತೀರಿಹೋದಳು. ಆಮೇಲೆ ಒಂದು ವರ್ಷ ಅವನು ಊಟಕ್ಕೆ ಕುಳಿತರೆ ತಟ್ಟೆ ನೋಡುತ್ತಾ ಕುಳಿತೇ ಇರುತ್ತಿದ್ದ. ಅವನಿಗೆ ಇನ್ನೊಂದು ಸಲ ಅದು ಬೇಡ. ಇಷ್ಟನ್ನೂ ಅವಳು ಸಂತೆಯ ಸುದ್ದಿ ಹೇಳಿದಂತೆ ಹೇಳಿದಳು. ನನಗೆ ಮಾತ್ರ ಒಂದೊಂದು ಮಾತಿಗೂ ಕುರ್ಚಿ ಒಂದೊಂದು ಎಳೆಯಷ್ಟು ಕೆಳಗಿಳಿದಂತಾಯಿತು.

ಎದ್ದು ಹೊರಡುವಾಗ ಅವಳು, ಸುಮ್ಮನೆ ಮಾತಿಗೆಂಬಂತೆ, ನಾನು ಯಾವ ಕಾಲೇಜು ಎಂದು ಕೇಳಿದಳು. ಗಿರಣಿ ಕಾಲೇಜು ಅಂದೆ. ಅವಳ ಕೈ ಬಾಗಿಲ ಚಿಲಕದ ಮೇಲೇ ನಿಂತಿತು.

"ಆಸ್ಪತ್ರೆಯವರು ಅನ್ಕೊಂಡಿದ್ದೆ ನಿಮ್ಮನ್ನೆಲ್ಲ" ಅಂದಳು. "ನಾಳೆ ಬೆಳಿಗ್ಗೆ ನಿನ್ನ ತೂಗೋದು ನನ್ನ ಗಂಡ ಬೇಟಾ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವಳು ಅವಳೇ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಣಿಸುತ್ತಾ, ಗೋಡೆಗೆ ಒರಗಿ ನಕ್ಕಳು. ನನಗೂ ನಗು ಬಂತು. ಆಮೇಲೆ ನಾನು ಕರವಸ್ತ್ರ ಕೊಟ್ಟೆ.

ಮರುದಿನ ಬೆಳಿಗ್ಗೆ ಚಾಚಾ ಎಂದಿನಂತೆ ಮೊದಲು ತಾವೇ ಕಾಟಾದ ಮೇಲೆ ನಿಂತರು. ಅದು ಸರಿಯಿದೆಯೋ ಇಲ್ಲವೋ ನೋಡಲು ಅವರು ಮೂವತ್ತು ವರ್ಷದಿಂದ ಹಾಗೆ ಮಾಡುತ್ತಿದ್ದರು. ಮೂವತ್ತು ವರ್ಷದಿಂದ ಅವರ ತೂಕ ಅರವತ್ತೆರಡು. ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ೬೨ ಎಂದು ಬರೆದಿತ್ತು, ಪ್ರತಿ ವರ್ಷ ಸುಣ್ಣ ಹೊಡೆದ ಮೇಲೆ ಅವರೇ ಮತ್ತೆ ಬರೆಯುತ್ತಿದ್ದರು. ತೂಗುವಾಗ ಹಲಗೆಯ ಮೇಲೆ ಬೇರೆ ಯಾರ ಹೆಬ್ಬೆರಳೂ ತಾಕಬಾರದು. ಗುಬ್ಬಿ ಬಂದು ಕುಳಿತರೂ ಅದು ಹಾರಿಹೋಗುವವರೆಗೆ ಕಾಯುತ್ತಿದ್ದರು.

ನಾನು ನಿಂತೆ. ಚಾಚಾ ಗುಂಡನ್ನು ಐವತ್ತಕ್ಕೆ ತಂದರು, ದಂಡಿಗೆ ಮೇಲೆಯೇ ಇತ್ತು. ಐವತ್ತೈದಕ್ಕೆ ತಂದರು, ಮೇಲೆಯೇ ಇತ್ತು. ಅರವತ್ತಕ್ಕೆ ತಂದಾಗ ಅದು ಸಮನಾಗಿ ನಿಂತಿತು. ಅವರು ಗುಂಡಿನಿಂದ ಬೆರಳು ತೆಗೆಯದೆ ನನ್ನನ್ನು ನೋಡಿದರು.

"ಹನ್ನೊಂದು ಕೆಜಿ" ಅಂದರು. "ಯಾರೋ ನಿನ್ನ ಮೇಲೆ ಮನೇನೇ ಇಟ್ಟುಹೋಗಿದಾರಲ್ಲ ತಾಯಿ."

ಅಂದಿನಿಂದ ಅವರು ನನಗೆ ಹೊರುವುದನ್ನು ಕಲಿಸಿದರು. ಕರಿಬಸಯ್ಯ ಸರ್ ಕಲಿಸಿದ್ದಕ್ಕಿಂತ ಅದು ಬೇರೆ ಪಾಠ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬೇಡ. ಮೆಟ್ಟಿಲು ಇಳಿಯುವಾಗ ಹಿಮ್ಮಡಿ ಮೊದಲು ಊರು. ಮಂಚದ ಮೇಲೆ ಮಗ್ಗುಲು ಬದಲಿಸುವಾಗ ಮೊದಲು ಮೊಣಕಾಲು ಮಡಚು. ಹೊತ್ತದ್ದನ್ನು ಹೆಗಲಲ್ಲಿ ಇಟ್ಟುಕೊಂಡರೆ ಕತ್ತು ಹೋಗುತ್ತದೆ, ಹೊಟ್ಟೆಯ ಕೆಳಗೆ ಇಳಿಸಿಕೋ, ಬಸುರಿಯರು ನಡೆಯುವುದನ್ನು ನೋಡು. ಗಿರಣಿಯಲ್ಲಿ ಅಂಡಿಗೆ ಹೊರುತ್ತಿದ್ದ ಕಾಲದಲ್ಲಿ ಅವರು ಕಲಿತದ್ದೇ ಇವೆಲ್ಲ. ಹಾಸ್ಟೆಲಿನ ನನ್ನ ಮಂಚದ ಒಂದು ಕಾಲು ಮುರಿದಾಗ ಅವರೇ ಬಂದು ಅದರ ಕೆಳಗೆ ಚಪ್ಪಡಿ ಕಲ್ಲು ಇಟ್ಟುಹೋದರು.

ಎರಡನೇ ವಾರದಿಂದ ಊಟವೂ ಬಂತು. ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಚಾಚಾ ಹೇಳಿದರು, ಮನೆಯಲ್ಲಿ ಹೇಳಿದೆ, ನಮ್ಮ ಕಾಲೇಜಿನಲ್ಲಿ ಒಂದು ಮಗು ಹನ್ನೊಂದು ಕೆಜಿ ಹೊತ್ತುಕೊಂಡು ಓಡಾಡ್ತಿದೆ ಅಂತ, ಬೆಳಿಗ್ಗೆ ನೋಡಿದರೆ ನಮ್ಮವಳು ಎರಡು ರೊಟ್ಟಿ ಹೆಚ್ಚಿಗೆ ಬಡಿದಿದ್ದಳು. ವಿದ್ಯಾರ್ಥಿಗಳ ತೂಕವನ್ನು ಗೇಟಿನಾಚೆ ಆಡಬಾರದು ಎಂಬ ನಿಯಮವಿತ್ತು. ಮೂವತ್ತು ವರ್ಷ ಅದನ್ನು ಪಾಲಿಸಿದ ಮನುಷ್ಯ ನನ್ನ ವಿಷಯದಲ್ಲಿ ಅದನ್ನು ಮರೆತಿದ್ದರು. ನಾನು ನೆನಪಿಸಲಿಲ್ಲ. ಬಟ್ಟೆಯ ಅಂಚಿಗೆ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು, ಕೌದಿಯ ಹೊಲಿಗೆ. ಆ ರೊಟ್ಟಿ ಬಾಯಿಗಿಟ್ಟಾಗ ಎಲ್ಲಿ ನೋಡಬೇಕೋ ನನಗೆ ತಿಳಿಯಲಿಲ್ಲ.

ತಿಂಗಳ ಮೊದಲ ಗುರುವಾರ ಮಾಬುನ್ನಿ ಚಾಚಿ ಕೇಳುವ ಕೋಣೆಗೆ ಬರುತ್ತಿದ್ದಳು. ಇಟ್ಟುಕೊಳ್ಳಲಾ ಎಂದು ನಾನು ಕೇಳುವೆ. ಇಟ್ಟುಕೋ ಅನ್ನುವಳು. ಕೊಡಲಾ ಅಂದರೆ ಬೇಡ ಅನ್ನುವಳು. ಇನ್ನೇನಾದರೂ ಇದೆಯಾ ಅಂದರೆ, ನಿನ್ನೆ ಪಲ್ಯಕ್ಕೆ ಉಪ್ಪು ಮುಂದಾಗಿತ್ತಾ ಎಂದು ಕೇಳುವಳು. ಉತ್ತರ ಕೊಡುವುದು ನಿಯಮದಲ್ಲಿ ಇರಲಿಲ್ಲ. ನಾನು ತಲೆ ಆಡಿಸುತ್ತಿದ್ದೆ, ಒಂದೊಂದು ತಿಂಗಳು ಅಡ್ಡಕ್ಕೆ, ಒಂದೊಂದು ತಿಂಗಳು ಉದ್ದಕ್ಕೆ. ಆಪರೇಷನ್ ಮಾಡಿಸಿಕೊಳ್ಳಿ ಎಂಬ ಮಾತು ಹಲ್ಲಿನ ಹಿಂದೆಯೇ ಇರುತ್ತಿತ್ತು. ಅವಳು ಹೋದ ಮೇಲೂ ಅದು ಅಲ್ಲೇ ಇರುತ್ತಿತ್ತು.

ದೀಪಾವಳಿಯ ಹೊತ್ತಿಗೆ ನನ್ನ ತೂಕ ಒಂದೂವರೆ ಕೆಜಿ ಏರಿತು. ನಾನು ಬೇರೇನೂ ಕೇಳಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಅರ್ಧ ಕೆಜಿ. ಚಾಚಾ ದಂಡಿಗೆಯನ್ನು ಎರಡು ಸಲ ತಟ್ಟಿ ನೋಡಿದರು, ಸರಪಳಿಯ ಧೂಳು ಒರೆಸಿದರು, ಕೆಳಗಿಳಿಯಲು ಹೇಳಿ ತಾವು ನಿಂತು ನೋಡಿದರು. ಅರವತ್ತೆರಡು. ಕಾಟಾ ಸರಿಯಿತ್ತು.

"ಏರ್ತಾ ಇದೆ" ಅಂದರು. "ಅದು ಬೆಳೀತಾ ಇರೋ ಕಾಯಿಲೆ ತಾಯಿ. ಅವರ ಮನೆಯವರಿಗೆ ಗೊತ್ತಿಲ್ಲ ಅಂತ ಕಾಣುತ್ತೆ. ಮನೇಲೊಬ್ಬರಿಗೆ ಗೊತ್ತಿದ್ದಿದ್ರೂ ನಿನ್ನ ಮೇಲೆ ಇಷ್ಟು ಇರ್ತಿರಲಿಲ್ಲ."

ನನ್ನ ಬಾಯಿ ತೆರೆಯಿತು. ಏನು ಹೇಳಬೇಕೆಂದಿದ್ದೆನೋ ಇಂದಿಗೂ ಗೊತ್ತಿಲ್ಲ, ಆದರೆ ಚಾಚಾ ಎಂಬ ಮಾತು ಹೊರಗೆ ಬಂದಾಗಿತ್ತು, ಅದರ ಹಿಂದೆ ಉಳಿದದ್ದೂ ಬರುವುದರಲ್ಲಿತ್ತು. ಅವರು ಅಂಗೈ ಎತ್ತಿ ನನ್ನನ್ನು ತಡೆದರು.

"ಹೇಳಬೇಡ. ನೀನು ಹೇಳಿದ್ರೆ ನಾಳೆ ಇಳಿದಿದ್ದನ್ನ ನಾನೇ ಬರೀಬೇಕು. ನನ್ನ ಕೈಯಲ್ಲಿ ಅದನ್ನ ಬರೆಸಬೇಡ."

ಆ ದಿನ ತರಗತಿಯಲ್ಲಿ ನಾನು ಕೈ ಎತ್ತಿದೆ. ರೋಗಿ ಮುಚ್ಚಿಟ್ಟಿದ್ದರಿಂದ ಬೇರೆ ಯಾರಿಗೂ ತೊಂದರೆಯಿಲ್ಲ, ರೋಗಿಗೇ ಜೀವಕ್ಕೆ ಅಪಾಯ ಇದೆ, ಹೇಳಿದರೆ ಉಳಿಯಬಹುದು ಅಂದರೆ ಹೇಳಬಹುದೇ ಎಂದು ಕೇಳಿದೆ. ಕಾನೂನು ಎಲ್ಲರಿಗೂ ಗೊತ್ತಿತ್ತು. ಬುದ್ಧಿ ನೆಟ್ಟಗಿರುವ ವಯಸ್ಕರ ಮಾತು ಅವರದೇ. ತಿಪ್ಪೇಶಿ, ಪರೀಕ್ಷೆ ಮುಗಿದ ಮರುದಿನ ಹೇಳಿದರೆ ತೂಕವೂ ಉಳಿಯಿತು ಜೀವವೂ ಉಳಿಯಿತು ಅಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಕರಿಬಸಯ್ಯ ಸರ್ ತಮ್ಮ ಮೊಣಕಾಲು ಸವರಿಕೊಂಡರು. ಆಮೇಲೆ, ತಾವು ಡಾಕ್ಟರಾಗಿದ್ದಾಗ ಒಬ್ಬ ಹುಡುಗಿಯ ವಿಷಯವನ್ನು ಅವಳ ಅಪ್ಪನಿಗೆ ಹೇಳಿಬಿಟ್ಟಿದ್ದೆ ಅಂದರು. ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವಳು ಉಳಿದಳು. ಉಳಿದವಳು ಮುಂದೆ ಯಾವ ಡಾಕ್ಟರಿಗೂ ಏನನ್ನೂ ಹೇಳಲಿಲ್ಲ, ತನ್ನ ಮಗುವಿಗೆ ಜ್ವರ ಬಂದಾಗ ಕೂಡ.

"ಎರಡು ಕೆಜಿ ಇಳಿದಿದ್ದೆ ಅವತ್ತು" ಅಂದರು. "ಮಿಕ್ಕಿದ್ದೆಲ್ಲ ಹೊರೋದಕ್ಕೆ ಆಗ್ತದೆ. ಆ ಎರಡು ಕೆಜಿ ಇದ್ದ ಜಾಗ ಇದೆಯಲ್ಲ, ಅದು ಇನ್ನೂ ಅಭ್ಯಾಸ ಆಗಿಲ್ಲ."

ಮಾರ್ಚಿ ಬಂತು. ನಾನು ಅರವತ್ತಮೂರಕ್ಕೆ ಏರಿದ್ದೆ. ಹದಿನಾಲ್ಕು ಕೆಜಿ ಚಾಚಿ ನನ್ನೊಳಗೆ ಇದ್ದಳು. ಪ್ರತಿ ದಿನ ಸಂಜೆ ಚಾಚಾ ಮನೆಗೆ ಹೋಗಿ, ಕೈಕಾಲು ತೊಳೆದು, ಊಟಕ್ಕೆ ಕುಳಿತು, ಆ ಮಗು ಇವತ್ತು ಇಷ್ಟಾಗಿದೆ ಎಂದು ಹೆಂಡತಿಗೆ ಹೇಳುತ್ತಿದ್ದರು. ಅವಳ ಗಂಟು ಎಷ್ಟು ಬೆಳೆಯಿತೆಂದು ಅವಳಿಗೆ ತಿಳಿಯುತ್ತಿದ್ದದ್ದು ಅವರ ಬಾಯಿಂದಲೇ. ಇದನ್ನು ಅವಳು ಕೊನೆಯ ಗುರುವಾರ ಕೇಳುವ ಕೋಣೆಯಲ್ಲಿ ನನಗೆ ಹೇಳಿದಳು. ಮೂರನೇ ಪ್ರಶ್ನೆಗೆ ಉತ್ತರವಾಗಿ ಹೇಳಿದಳು, ಉಪ್ಪಿನ ವಿಷಯ ಕೇಳಲಿಲ್ಲ. ನಿನ್ನೆ ಅವರು ತಟ್ಟೆ ನೋಡುತ್ತಾ ಕುಳಿತಿದ್ದರು ಅಂದಳು. ಯಾಕೆ ಅಂದರೆ, ಆ ಮಗುವಿನ ಹಿಮ್ಮಡಿ ಒಡೆದಿದೆ, ಯಾರ ಮನೆಯವರೋ ಪಾಪ, ಗೊತ್ತಿದ್ದರೆ ಇಷ್ಟು ಹೊತ್ತಿಗೆ ಬಂದು ಅರ್ಧ ಇಸಕೊಂಡು ಹೋಗುತ್ತಿದ್ದರು ಎಂದರಂತೆ.

ಪರೀಕ್ಷೆಯ ಹಿಂದಿನ ಸಂಜೆ ನಾನು ಹಾಸ್ಟೆಲಿನಲ್ಲಿ ಮಂಚದ ಮೇಲೆ ಕುಳಿತು ಕಾಲ್ಬೆರಳ ಸಂದಿಯ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದೆ. ದೀಪ ಹಚ್ಚುವ ಹೊತ್ತು. ಇದ್ದಕ್ಕಿದ್ದಂತೆ ಮಂಚ ಚಪ್ಪಡಿ ಕಲ್ಲಿನಿಂದ ಟಕ್ಕೆಂದು ಮೇಲೆದ್ದಿತು. ನಾನು ಎದ್ದು ನಿಂತೆ. ಕಾಲು ಎತ್ತಿದರೆ ಕಾಲು ಬಂತು. ಕಿಟಕಿಯವರೆಗೆ ನಡೆದೆ, ಮತ್ತೆ ಬಾಗಿಲವರೆಗೆ ನಡೆದೆ, ಒಂದು ಸಲ ಎಗರಿಯೂ ನೋಡಿದೆ. ಹೇಳಿದಳು, ಯಾರಿಗೋ ಹೇಳಿದಳು ಎಂದು ಕುಣಿಯುವಂತಾಯಿತು. ಎಗರಿ ಕೆಳಗೆ ಬಂದ ಮೇಲೆ ನಾಳೆ ಬೆಳಿಗ್ಗೆಯ ಕಾಟಾ ನೆನಪಾಯಿತು.

ಮರುದಿನ ಗೇಟಿನ ಬಳಿ ತಿಪ್ಪೇಶಿ ನನ್ನ ನಡಿಗೆ ನೋಡಿಯೇ ತಿಳಿದುಕೊಂಡ. ತನ್ನ ಚೀಲ ತೆರೆದು ತೋರಿಸಿದ. ಅವನ ಅಪ್ಪನದು ದಿನಸಿ ಅಂಗಡಿ, ಚೀಲದಲ್ಲಿ ಐದು ಕೆಜಿಯ ಕಬ್ಬಿಣದ ತೂಕದ ಬಟ್ಟು ಇತ್ತು. ತಾನು ಕಾಲು ಕೆಜಿ ಉಳಿಸಿಕೊಳ್ಳುತ್ತೇನೋ ಇಲ್ಲವೋ ಎಂಬ ಹೆದರಿಕೆಗೆ ತಂದದ್ದಂತೆ. ಸೊಂಟಕ್ಕೆ ಕಟ್ಟಿಕೋ, ಸೀರೆಯೊಳಗೆ ಯಾರು ನೋಡ್ತಾರೆ ಅಂದ. ನಾನು ಅದನ್ನು ಕೈಗೆ ತೆಗೆದುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ತಣ್ಣಗಿತ್ತು. ಒಂಬತ್ತು ತಿಂಗಳು ನಾನು ಹೊತ್ತದ್ದು ಒಂದು ದಿನವೂ ಹೀಗೆ ತಣ್ಣಗಿರಲಿಲ್ಲ. ವಾಪಸು ಅವನ ಚೀಲಕ್ಕೆ ಹಾಕಿದೆ.

ಒಳಗೆ ಎರಡು ಕುರ್ಚಿ ಹಾಕಿದ್ದರು. ಹೊರಗಿನ ಊರಿನಿಂದ ಬಂದ ಇಬ್ಬರು ಪರೀಕ್ಷಕರು, ಒಬ್ಬರು ಮೇಡಂ, ಒಬ್ಬರು ವಕೀಲರು. ಕರಿಬಸಯ್ಯ ಸರ್ ಕಲ್ಲಿನ ಬೆಂಚಿನಲ್ಲಿ. ದಾದಾಪೀರ್ ಚಾಚಾ ದಂಡಿಗೆಯ ಪಕ್ಕದಲ್ಲಿ ನಿಂತಿದ್ದರು. ಒಗೆದ ಬಿಳಿ ಅಂಗಿ, ಕಣ್ಣು ಕೆಂಪಗಿದ್ದವು. ಅಂದು ಅವರು ಮೊದಲು ತಾವು ನಿಂತು ಕಾಟಾ ನೋಡಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ. ಅದನ್ನು ಗಮನಿಸಿದಾಗಲೇ, ಚಾಚಿ ಯಾರಿಗೆ ಹೇಳಿದ್ದಾಳೆಂದು ನನಗೆ ತಿಳಿಯಿತು.

ತಿಪ್ಪೇಶಿಯ ಕಾಲು ಕೆಜಿ ಹಾಗೇ ಇತ್ತು. ಅವನು ಇಳಿದು ಹೋಗುವಾಗ ನನ್ನ ಕಡೆ ನೋಡಲಿಲ್ಲ. ನಾನು ಹತ್ತಿ ನಿಂತೆ. ಚಾಚಾ ಗುಂಡನ್ನು ಅರವತ್ತಮೂರರಲ್ಲಿ ಇಟ್ಟರು, ದಂಡಿಗೆ ಕೆಳಗೆ ಬಿತ್ತು. ಅರವತ್ತಕ್ಕೆ ತಂದರು, ಏಳಲಿಲ್ಲ. ಒಂದೊಂದೇ ಗೆರೆ ಹಿಂದಕ್ಕೆ ತಂದು ಐವತ್ತಾರರಲ್ಲಿ ನಿಲ್ಲಿಸಿದರು.

ಮೇಡಂ ಪಟ್ಟಿ ನೋಡಿ, ಶಿವಲೀಲಾ, ನಿಮ್ಮದು ಜೂನಿನಲ್ಲಿ ಅರವತ್ತು, ಈಗ ನಾಲ್ಕು ಕಡಿಮೆ ಇದೆ ಅಂದರು. ಯಾರಿಗೆ ಹೇಳಿದಿರಿ? ಯಾರಿಗೂ ಹೇಳಿಲ್ಲ ಅಂದೆ. ಹಾಗಾದರೆ ರೋಗಿಯೇ ಹೇಳಿರಬೇಕು, ಅದಕ್ಕೂ ದಾರಿ ಇದೆ, ಹೆಸರು ಕೊಡಿ, ಕರೆಸಿ ಕೇಳುತ್ತೇವೆ ಅಂದರು. ಅವರ ದನಿಯಲ್ಲಿ ಕೆಡುಕು ಇರಲಿಲ್ಲ. ನನಗೆ ಹೆಸರು ಹೇಳುವುದು ಎಷ್ಟು ಸುಲಭವಿತ್ತು ಎಂದರೆ ಅದು ನಾಲಗೆಯ ತುದಿಗೇ ಬಂದು ಕುಳಿತಿತ್ತು. ಆದರೆ ಚಾಚಿ ಗಂಡನಿಗೆ ಹೇಳಿದ್ದು ಅವಳ ಇಷ್ಟ. ಈ ಮೂವರಿಗೆ ಹೇಳು ಎಂದು ಅವಳು ನನಗೆ ಹೇಳಿರಲಿಲ್ಲ. ಇಟ್ಟುಕೋ ಅಂದಿದ್ದಳು. ಕೊನೆಯ ಗುರುವಾರವೂ ಇಟ್ಟುಕೋ ಅಂದಿದ್ದಳು.

"ಹೆಸರು ಕೊಡೋದಿಲ್ಲ ಮೇಡಂ" ಅಂದೆ.

ವಕೀಲರು ಪೆನ್ನಿನ ಮುಚ್ಚಳ ತೆಗೆದರು. ಕರಿಬಸಯ್ಯ ಸರ್ ನೆಲ ನೋಡುತ್ತಿದ್ದರು. ಆಗ ಚಾಚಾ ದಂಡಿಗೆಯ ಪಕ್ಕದಿಂದ ಈಚೆ ಬಂದರು. ಚಪ್ಪಲಿ ಬಿಟ್ಟರು, ಜೋಡಿಸಿ ಗೋಡೆಯ ಬದಿಗಿಟ್ಟರು. ಯಾರ ಹೆಬ್ಬೆರಳೂ ತಾಕಬಾರದಿದ್ದ ಆ ಹಲಗೆಯ ಮೇಲೆ, ನನ್ನ ಪಕ್ಕದಲ್ಲಿ, ಎರಡೂ ಕಾಲಿಟ್ಟು ನಿಂತರು. ಕೈ ಚಾಚಿ ಗುಂಡು ಸರಿಸಿದರು, ಇನ್ನೊಂದು ಗುಂಡನ್ನೂ ಕೊಕ್ಕೆಗೆ ಹಾಕಿದರು. ದಂಡಿಗೆ ನೂರ ಇಪ್ಪತ್ತೈದರಲ್ಲಿ ನಿಂತಿತು.

"ನನ್ನದು ಅರವತ್ತೆರಡು ಕಳೀರಿ" ಅಂದರು. "ಗೋಡೆ ಮೇಲಿದೆ."

ವಕೀಲರು ಕಳೆದರು. ಅರವತ್ತಮೂರು ಬಂತು. ಅವರು ಹುಬ್ಬು ಗಂಟಿಕ್ಕಿ, ಹಾಗಾದರೆ ಉಳಿದದ್ದು ನಿಮ್ಮ ಹತ್ತಿರ ಇದೆ, ಅಂದರೆ ಈಕೆ ನಿಮಗೇ ಹೇಳಿದ್ದಾಳೆ, ಇನ್ನೂ ಕೆಟ್ಟದಾಯಿತಲ್ಲ ಅಂದರು.

ಚಾಚಾ ತಲೆ ಅಲ್ಲಾಡಿಸಿದರು.

"ಒಂಬತ್ತು ತಿಂಗಳು ದಿನಾ ಬೆಳಿಗ್ಗೆ ನನ್ನೆದುರಿಗೇ ನಿಂತಿದೆ ಈ ಮಗು" ಅಂದರು. "ನನ್ನ ಮನೆ ರೊಟ್ಟಿ ತಿಂದಿದೆ. ನನಗೇ ಹೇಳಲಿಲ್ಲ ಸ್ವಾಮಿ."

ಅದು ಯಾರ ಮನೆಯ ನೋವು ಎಂದು ಕೇಳಿದವರಿಗೆಲ್ಲ ತಿಳಿಯಿತು. ಸಮನಾಗಿ ನಿಂತಿದ್ದ ದಂಡಿಗೆ ನಮ್ಮೆಲ್ಲರ ಕಣ್ಣೆದುರಿಗೆ ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು. ಮೇಡಂ ಕುಳಿತಿದ್ದ ಕುರ್ಚಿ ಸಣ್ಣಗೆ ಕಿರ್ರೆಂದಿತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ವಕೀಲರು ಕಾಲು ಬದಲಿಸಿ ಕುಳಿತರು, ಪೆನ್ನಿಗೆ ಮುಚ್ಚಳ ಹಾಕಿದರು.

ಕರಿಬಸಯ್ಯ ಸರ್ ಎದ್ದರು. ಹೆಜ್ಜೆಗೊಮ್ಮೆ ನೆಲ ಗುದ್ದುತ್ತಾ ಬಂದು ಪಟ್ಟಿ ತೆಗೆದುಕೊಂಡು, ಬರೆಯುವುದನ್ನು ನಾನು ಬರೀತೀನಿ ಅಂದರು. ಆಮೇಲೆ ಚಾಚಾನ ಹೆಗಲ ಮೇಲೆ ಕೈ ಇಡಲು ಹೋದವರು, ತಮ್ಮ ಕೈಯ ಭಾರ ನೆನಪಾಗಿ, ಹಾಗೇ ಗಾಳಿಯಲ್ಲಿ ಹಿಡಿದರು.

"ನಿಮಗೆ ಎಲ್ಲಿಗೋ ಹೋಗೋದಿದೆ ಅಂತ ಕಾಣ್ತದೆ ದಾದಾಪೀರ್."

"ಹನ್ನೆರಡಕ್ಕೆ ಸರ್."

"ಹೋಗಿ. ಇವಳನ್ನೂ ಕರಕೊಂಡು ಹೋಗಿ."

ಅವರು ಬರೆದದ್ದನ್ನು ನಾನು ನೋಡಿದ್ದು ಮೇ ತಿಂಗಳಲ್ಲಿ, ಫಲಿತಾಂಶ ಬಂದಾಗ. ಉಳಿದವರ ಹೆಸರಿನ ಮುಂದೆ ಅಂಕಿ ಇತ್ತು. ನನ್ನ ಹೆಸರಿನ ಮುಂದೆ, ಅವರ ದುಂಡನೆಯ ಅಕ್ಷರದಲ್ಲಿ, "ಪೂರ್ತಿ ಇದೆ" ಎಂದಿತ್ತು.

ಪರೀಕ್ಷೆಯ ಆ ದಿನ ಆಸ್ಪತ್ರೆಗೆ ನಾವು ನಡೆದೇ ಹೋದೆವು. ಚಾಚಾಗೆ ಈ ಹೊಸ ಭಾರ ಇನ್ನೂ ಒಗ್ಗಿರಲಿಲ್ಲ, ಎಡವುತ್ತಿದ್ದರು. ಹೆಗಲಲ್ಲಿ ಇಟ್ಟುಕೋಬೇಡಿ ಚಾಚಾ, ಕೆಳಗೆ ಇಳಿಸಿಕೊಳ್ಳಿ ಅಂದೆ. ಅವರು ನನ್ನ ಕಡೆ ನೋಡಿ, ಅಂದು ಮೊದಲ ಸಲ, ಅರ್ಧ ನಕ್ಕರು. ದಾರಿಯಲ್ಲಿ ಹೇಳಿದ್ದು ಸ್ವಲ್ಪವೇ. ಹಿಂದಿನ ಸಂಜೆ ತಟ್ಟೆ ಮುಂದೆ ಕುಳಿತಿದ್ದಾಗ ಅವಳು ಎದುರಿಗೆ ಬಂದು ಕುಳಿತು, ಆ ಮಗುವಿನ ಮೇಲಿರೋದು ನಾನೇ ಅಂದಳಂತೆ. ಅಷ್ಟೇ ಅಂದಳಂತೆ. ತಾನು ರೊಟ್ಟಿ ಮುರಿದವನು ಮುರಿದಂತೆಯೇ ಇದ್ದೆ, ರಾತ್ರಿಯೇ ಕರೆತಂದು ಆಸ್ಪತ್ರೆಗೆ ಸೇರಿಸಿದೆ ಎಂದರು.

ವಾರ್ಡಿನ ಹೊರಗೆ ಮರದ ಬೆಂಚಿತ್ತು. ನಾವಿಬ್ಬರೂ ಕುಳಿತಾಗ ಅದರ ಹಲಗೆ ಬಾಗಿತು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಚಾಚಿಯನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಕರೆತಂದರು. ಹಸಿರು ನಿಲುವಂಗಿ ತೊಡಿಸಿದ್ದರು, ತಲೆಗೂದಲನ್ನು ಬಟ್ಟೆಯಲ್ಲಿ ಕಟ್ಟಿದ್ದರು. ನನ್ನನ್ನು ಕಂಡು, ಏನಾಯಿತು ಎಂದು ಹುಬ್ಬಿನಿಂದಲೇ ಕೇಳಿದಳು. ನಾನು ತಲೆಯನ್ನು ಉದ್ದಕ್ಕೆ ಆಡಿಸಿದೆ. ಅವಳು ಗಂಡನನ್ನು ನೋಡಿದಳು, ಬಾಗಿದ ಹಲಗೆಯನ್ನು ನೋಡಿದಳು. ಅವಳ ಮುಖದಲ್ಲಿ ಅದೇ ನಗು ಬಂತು, ಆ ಮೊದಲ ದಿನ ಚಿಲಕ ಹಿಡಿದು ನಕ್ಕಿದ್ದು.

"ಮೊದಲು ಇದನ್ನ ಇಳಿಸ್ಬೇಕು" ಅಂದಳು.

ಗಾಡಿ ತಳ್ಳುತ್ತಿದ್ದವನ ಹೆಸರು ಕೇಳಿದಳು. ನನಗೆ ಎದೇಲಿ ಗಂಟಪ್ಪಾ, ಇದುವರೆಗೂ ಮುಚ್ಚಿಟ್ಟಿದ್ದೆ, ಇವತ್ತು ತೆಗೀತಾರೆ ಅಂದಳು. ಬೆಂಚಿನ ಹಲಗೆ ನಮ್ಮ ಕೆಳಗೆ ಮೆಲ್ಲನೆ ಉಸಿರೆಳೆದಂತೆ ಮೇಲಕ್ಕೆ ಬಂತು. ಗಾಡಿ ಮುಂದೆ ಹೋಯಿತು. ನೆಲ ಒರೆಸುತ್ತಿದ್ದ ಆಯಾಳಿಗೆ ಹೇಳಿದಳು. ಕಂಬದ ಬಳಿ ಮಗುವಿಗೆ ಹಾಲು ಕುಡಿಸುತ್ತಿದ್ದ ಹೆಂಗಸಿಗೆ ಹೇಳಿದಳು. ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಬರುತ್ತಿದ್ದ ಪೊಲೀಸಿನವನನ್ನು ನಿಲ್ಲಿಸಿ ಅವನಿಗೂ ಹೇಳಿದಳು, ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಪೂರ್ತಿ ಕೇಳಿದ. ಕೇಳಿದವರೆಲ್ಲ ಒಂದೊಂದು ಹಿಡಿಯಷ್ಟು ತೆಗೆದುಕೊಂಡು, ಹೆಜ್ಜೆ ಸರಿಮಾಡಿಕೊಂಡು, ತಮ್ಮ ದಾರಿ ಹಿಡಿದರು. ಪಕ್ಕದಲ್ಲಿ ಚಾಚಾ ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ತೋರುಬೆರಳನ್ನು ಗೆರೆ ಗೆರೆಯಾಗಿ ಹಿಂದಕ್ಕೆ ಸರಿಸುತ್ತಿದ್ದರು.

"ನಾಲ್ಕು" ಅಂದರು. "ಮೂರು. ಎರಡೂವರೆ."

ವರಾಂಡದ ಕೊನೆಯಲ್ಲಿ ಬಾಗಿಲು ತೆರೆದುಕೊಂಡಿತು. ಅಲ್ಲಿಂದಲೂ ಅವಳ ದನಿ ಕೇಳುತ್ತಿತ್ತು, ಬಾಗಿಲು ಹಿಡಿದಿದ್ದ ನರ್ಸಿಗೆ ಹೇಳುತ್ತಿದ್ದಳು. ಬಾಗಿಲು ಮುಚ್ಚಿತು. ಚಾಚಾನ ಬೆರಳು ನಿಂತಿತು.

"ಎಷ್ಟು ಉಳೀತು ಚಾಚಾ?"

ಅವರು ಕಣ್ಣು ತೆರೆಯಲಿಲ್ಲ.

"ಎರಡು" ಅಂದರು. "ಇಷ್ಟು ಇರಲಿ ತಾಯಿ. ಅವಳು ಬರೋವರೆಗೂ ಹಿಡಕೊಂಡು ಕೂತ್ಕೊಳ್ಳೋಕೆ ಏನಾದ್ರೂ ಬೇಕಲ್ಲ."